ಎಲೆ ಬೇಡವೆಂದ ಬಣ್ಣ

ಗಾರ್ಡನ್ ಏರಿಯಾ, ಹೆಸರಿಗೆ ಗಾರ್ಡನ್ನು.
ಸಿಗುವುದು ಟೈರು, ಫ್ಲೆಕ್ಸು, ಮದುವೆ ಕಾರ್ಡು,
ಸೆಕೆಂಡ್ ಹ್ಯಾಂಡ್ ಇನ್ವರ್ಟರು.
ನನ್ನ ಟಿವಿ ರಿಪೇರಿ ಅಂಗಡಿಯ ಹಿಂದೊಂದು ಕೋಣೆ,
ಆರಡಿಗೆ ಎಂಟಡಿ, ಕಿಟಕಿಯಿಲ್ಲ.
ಸತ್ತ ಟಿವಿಗಳನ್ನು ಅಲ್ಲೇ ಒಟ್ಟಿದ್ದೆ
ಒಂದರ ಬೆನ್ನಿಗೆ ಒಂದರ ಮುಖ ಕೊಟ್ಟು.

ಮಗಳು ತುಳಜಾ, ಒಂಬತ್ತನೇ ಕ್ಲಾಸು, ಕೇಳಿದಳು:
'ಅಪ್ಪಾ, ಇಲ್ಲಿ ಏನಾದರೂ ಬೆಳೆಯುತ್ತಾ?'
'ಜಿರಲೆ' ಅಂದೆ.
ಅಂದವನಿಗೆ ರಾತ್ರಿ ನಿದ್ದೆ ಬರಲಿಲ್ಲ.

ಯಾರದೋ ಮನೆ ಒಡೆದಾಗ ಗುಜರಿಗೆ ಬಂದ
ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಚಾನೆಲ್ಲು,
ತೂಕಕ್ಕೆ ತಂದೆ, ಗರಗಸದಲ್ಲಿ ಕುಯ್ದೆ.
ಎಲ್‌ಇಡಿಯ ಬೆನ್ನಿನ ಕಾವು ಹೀರಲು ಅದು ಬೇಕು.
ಹೀಗೆ, ಕಿಟಕಿಯಿಲ್ಲದ ಕೋಣೆಗೆ
ತುಂಡುತುಂಡಾಗಿ ಕಿಟಕಿಯೇ ಬಂತು.
ಬಿಳಿ ಪೇಸ್ಟು, ವೀಳ್ಯದೆಲೆಗೆ ಸುಣ್ಣದಷ್ಟೇ.
ನಾಲ್ಕು ಕೆಂಪಿಗೆ ಒಂದು ನೀಲಿ.
ಎಲ್ಲ ಒಂದೇ ಸಾಲಿನಲ್ಲಿ ಬೆಸುಗೆ;
ಒಂದು ಮುನಿಸಿಕೊಂಡರೆ
ಪಂಕ್ತಿಗೆಲ್ಲ ಉಪವಾಸ.

ಇಲ್ಲೊಂದು ಮಾತು ಹೇಳಬೇಕು.
ನನ್ನ ಕಣ್ಣಿಗೆ ಕೆಂಪು ಹಸಿರು ಬೇರೆಬೇರೆ ಅಲ್ಲ.
ಅಜ್ಜ ರಂಗಾರಿ, ತುಂಗೆಯ ಮೆಟ್ಟಿಲಲ್ಲಿ ಕೂತು
ಊರ ಸೀರೆಗಳಿಗೆ ಬಣ್ಣ ಹಾಕಿದವನು.
ನನ್ನ ಸರದಿ ಬರುವಾಗ ಗಡಿಗೆ ತಳ ಕಂಡಿತ್ತು.
ರೈಲ್ವೆಯ ಬರೆಯುವ ಪರೀಕ್ಷೆ ಪಾಸಾದೆ.
ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು
ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, 'ಎಷ್ಟು?' ಅಂದರು.
ನಾನು ಚುಕ್ಕಿ ಎಣಿಸತೊಡಗಿದೆ.
ಮೂವತ್ತೊಂದರ ತನಕ ಎಣಿಸಿದೆ,
ಅವರು ಪುಸ್ತಕ ಮುಚ್ಚುವವರೆಗೆ.

ಅಂದಿನಿಂದ ಕಣ್ಣಿನ ಕೆಲಸ ಮೀಟರಿನದು.
ಎಲ್‌ಇಡಿಯ ಪೊಟ್ಟಣದಲ್ಲಿ ಕೆಂಪಿನ ಜೊತೆ
ಹಸಿರೂ ಬೆರೆತು ಬಂದಿತ್ತು.
ಕೆಂಪು ಎರಡು ವೋಲ್ಟಿಗೇ ಬಾಯಿಬಿಡುತ್ತದೆ,
ಹಸಿರಿಗೆ ಮೂರು ಬೇಕು.
ಹಠಮಾರಿಗಳನ್ನು ಒಂದೊಂದಾಗಿ ಆರಿಸಿ
ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟೆ.

ಮುಚ್ಚಿದ ಕ್ಯಾಸೆಟ್ ಅಂಗಡಿಯ ಕಬ್ಬಿಣದ ರ‍್ಯಾಕು,
ಐದು ಅಂತಸ್ತು. ಬೇಕರಿಯ ಹಳೇ ಟ್ರೇ.
ತೆಂಗಿನ ನಾರಿನ ಪುಡಿ. ಮೆಂತ್ಯ, ಹರಿವೆ, ಒಂದೆಲಗ.
ಮೊದಲ ಬೆಳೆಗೆ ದೀಪ ದೂರವಾಯಿತು,
ಮೆಂತ್ಯ ನೂಲಿನಂತೆ ಕತ್ತು ಚಾಚಿ
ಒಂದರ ಮೇಲೊಂದು ಒರಗಿ ಮಲಗಿತು.
ಗೇಣು ಕೆಳಗಿಳಿಸಿ ಮತ್ತೆ ಬಿತ್ತಿದೆ.
ಎರಡನೆಯದಕ್ಕೆ ಡ್ರೈವರು ಸುಟ್ಟಿತು.
ಮೂರನೆಯದರ ಬಗ್ಗೆ ಯಾರಿಗೂ ಹೇಳಲಿಲ್ಲ.

ಹದಿನೆಂಟನೇ ದಿನ ತುಳಜಾ ಒಳಗೆ ಹೋದವಳು
ಕೂಗಿಕೊಂಡಳು: 'ಅಪ್ಪಾ! ಎಲೆಯೆಲ್ಲ ಕಪ್ಪು! ಸುಟ್ಟುಹೋಗಿದೆ!'
ಓಡಿದೆ. ನೇರಳೆ ಮಬ್ಬು. ಮುಟ್ಟಿ ನೋಡಿದೆ:
ತಣ್ಣಗೆ, ಮೆತ್ತಗೆ, ಜೀವದ ಬಿಗಿ.
ಕಣ್ಣಿಗೆ ಮಾತ್ರ ಕಪ್ಪು.
ಅವಳಿಗೂ ಕಪ್ಪು, ನನಗೂ ಕಪ್ಪು.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ಅಪ್ಪ ಮಗಳು ಒಂದೇ ಎಲೆ ನೋಡಿದೆವು.

ಪಾಠದ ಪುಸ್ತಕ ತಂದು ಅವಳೇ ಬಿಡಿಸಿದಳು:
ಎಲೆ ಕೆಂಪು ಉಣ್ಣುತ್ತದೆ, ನೀಲಿ ಉಣ್ಣುತ್ತದೆ.
ಹಸಿರು ಬೇಡವೆಂದು ತಟ್ಟೆಯ ಅಂಚಿಗೆ ತಳ್ಳುತ್ತದೆ.
ಆ ತಳ್ಳಿದ್ದನ್ನೇ ನಾವು
ಎಲೆಯ ಬಣ್ಣ ಅನ್ನುತ್ತೇವೆ.
ಇಲ್ಲಿ ತಳ್ಳಲು ಹಸಿರೇ ಇಲ್ಲ.
ಆರಿಸಿ ತೆಗೆದವನು ನಾನು,
ಅದು ಬಾಟಲಿಯಲ್ಲಿದೆ.

ಟ್ರೇ ಹೊತ್ತು ಬೀದಿಗೆ ಬಂದಳು, ಹನ್ನೊಂದರ ಬಿಸಿಲು.
ಟೈರಿನಂಗಡಿಯ ಅಸ್ಗರ್ ಎದ್ದು ನಿಂತು
ಕಟ್ಟಿಗೆಷ್ಟು ಅಂದ.
ಫ್ಲೆಕ್ಸಿನ ಹುಡುಗ ಎರಡೆಲೆ ಕಿತ್ತು ಬಾಯಿಗೆ ಹಾಕಿದ.
'ಹಸಿರು ಅಪ್ಪಾ, ಹಸಿರು!' ತುಳಜಾ ಕುಣಿಯುತ್ತಿದ್ದಳು.

'ಎಂಥಾ ಹಸಿರು?' ಅಂದೆ.

ಅವಳು ನಿಂತಳು. ಎಲೆ ನೋಡಿದಳು,
ನನ್ನನ್ನು ನೋಡಿದಳು, ಸ್ವಲ್ಪ ಹೊತ್ತು ಯೋಚಿಸಿದಳು.

'ಮೂರು ವೋಲ್ಟು,' ಅಂದಳು,
'ಮೂರಕ್ಕಿಂತ ಒಂಚೂರು ಜಾಸ್ತಿ.'